ಅತ್ತೆಗೆ ಹೃದಯದ ವಾಲ್ವ್ ಆಪರೇಶನ್ ಆಗಿದೆ. ಐಎನ್‌ಆರ್ ಒಂದು ಸಲ 1.6, ಇನ್ನೊಂದು ಸಲ 4.9. ಎಲ್ಲಿ ಎಡವುತ್ತಿದ್ದೀವಿ?

ಹೆಗ್ಗೆರೆ ಸೊಸೆ
ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ತುಮಕೂರು ಕಡೆಯವರು ಯಾರಾದರೂ ಇದನ್ನು ದಾಟಿ ಬಂದಿದ್ದರೆ ಸ್ವಲ್ಪ ಹೇಳಿ.

ನಮ್ಮ ಅತ್ತೆಗೆ 52 ವರ್ಷ. ಹೋದ ವರ್ಷ ಸಿದ್ದಗಂಗೆ ಬೆಟ್ಟ ಹತ್ತುವಾಗ ಅರ್ಧ ದಾರಿಯಲ್ಲೇ ಕೂತುಬಿಟ್ಟರು, ಉಸಿರೇ ಸಿಗಲಿಲ್ಲ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೃದಯದೊಳಗಿನ ಮೈಟ್ರಲ್ ವಾಲ್ವ್ ಸಣ್ಣಗಾಗಿದೆ ಅಂದರು. ಚಿಕ್ಕ ಹುಡುಗಿಯಾಗಿದ್ದಾಗ ಗಂಟಲು ನೋವು, ಆಮೇಲೆ ಕೀಲೆಲ್ಲ ಊದಿ ಜ್ವರ ಬಂದಿತ್ತಂತೆ. ಅದೇ ಮೂಲವಂತೆ. ಬೆಂಗಳೂರಿನಲ್ಲಿ ಆಪರೇಶನ್ ಆಯಿತು, ಮೆಕ್ಯಾನಿಕಲ್ ವಾಲ್ವ್ ಹಾಕಿದ್ದಾರೆ. ಒಂಬತ್ತನೇ ದಿನ ಮನೆಗೆ ಕಳಿಸಿದರು. ಮನೆಗೆ ಬಂದು ಇವತ್ತಿಗೆ 19 ದಿನ.

ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದಾರೆ, ಅಸಿಟ್ರೋಮ್. ಐಎನ್‌ಆರ್ ಅಂದರೆ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಅನ್ನುವ ಟೆಸ್ಟಿನ ಅಂಕಿ; ಕಮ್ಮಿಯಾದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುವ ಭಯ, ಜಾಸ್ತಿಯಾದರೆ ರಕ್ತ ಸೋರುವ ಭಯ. ಅದು 2.5ರಿಂದ 3.5ರ ಒಳಗೆ ಇರಬೇಕು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದೆ. ಬರುವಾಗ 2.8 ಇತ್ತು. ಒಂದು ವಾರ ಬಿಟ್ಟು ನೋಡಿದರೆ 1.6. ಮಾತ್ರೆ 2 ಮಿಲಿಗ್ರಾಂ ಇದ್ದದ್ದು 3 ಆಯಿತು. ಮೊನ್ನೆ ಟೆಸ್ಟ್ ಮಾಡಿಸಿದರೆ 4.9! ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ. ಫೋನ್ ಮಾಡಿದ್ದಕ್ಕೆ ಒಂದು ರಾತ್ರಿ ಮಾತ್ರೆ ಬಿಡಿ, ಎರಡು ದಿನ ಬಿಟ್ಟು ಮತ್ತೆ ರಕ್ತ ಕೊಡಿ, ಊಟದ ಕಡೆ ಗಮನ ಇರಲಿ ಅಂದರು. ಊಟದಲ್ಲಿ ಯಾವುದರ ಕಡೆ ಗಮನ? ಅಷ್ಟರಲ್ಲಿ ಫೋನ್ ಇಟ್ಟಿದ್ದರು.

ಇನ್ನೂ ಎರಡು ವಿಷಯ. ರಾತ್ರಿ ಮಲಗಿದರೆ ಟಿಕ್ ಟಿಕ್ ಕೇಳುತ್ತದೆ. "ಎದೇಲಿ ಗಡಿಯಾರ ಇಟ್ಟವ್ರೆ ಕಣವ್ವ, ನಿದ್ದೆ ಹೆಂಗ್ ಬತ್ತದೆ" ಅಂತ ಎದ್ದು ಕೂರುತ್ತಾರೆ. ಸಂಜೆಯಾದರೆ ಸುಮ್ನೆ ಅಳುತ್ತಾರೆ. ಮತ್ತೆ ನೋಡಲು ಬರುವ ನೆಂಟರು. ನಿನ್ನೆ ಒಂದೇ ದಿನ 17 ಜನ. ನನ್ನ ಗಂಡ ವಸಂತನರಸಾಪುರದಲ್ಲಿ ಶಿಫ್ಟ್ ಕೆಲಸ, ಮನೆಯಲ್ಲಿ ನಾನು, ಮಾವ, ನಾಲ್ಕು ವರ್ಷದ ಮಗಳು ಅಷ್ಟೇ. ಕಾಫಿ ಕಾಸಿ ಕಾಸಿ ಸಾಕಾಗಿದೆ.

ತಿಪಟೂರು ಕೊಬ್ಬರಿ
ಸೊಪ್ಪು ಪೂರ್ತಿ ನಿಲ್ಲಿಸಿ. ನಮ್ಮ ದೊಡ್ಡಪ್ಪನಿಗೆ ಹಾಗೇ ಹೇಳಿದ್ದರು. ಹಸಿರು ಕಂಡರೆ ದೂರ.

ಶಿರಾ ಸಿಸ್ಟರ್
ಕೊಬ್ಬರಿಯವರೇ, ದಯವಿಟ್ಟು ಹಾಗೆ ಹೇಳಬೇಡಿ. ನಾನು 22 ವರ್ಷ ನರ್ಸ್ ಆಗಿದ್ದೆ, ಅದರಲ್ಲಿ 9 ವರ್ಷ ಹೃದಯದ ಐಸಿಯುನಲ್ಲಿ. "ಸೊಪ್ಪು ವಿಷ" ಅನ್ನುವ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಹೆಗ್ಗೆರೆಯವರೇ, ನಮ್ಮ ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ನಿಮ್ಮ ಅತ್ತೆ ನುಂಗುವ ಮಾತ್ರೆ ಅದಕ್ಕೇ ಅಡ್ಡ ನಿಲ್ಲುತ್ತದೆ. ಸೊಪ್ಪಿನಲ್ಲಿ ಈ ವಿಟಮಿನ್ ಜಾಸ್ತಿ. ಒಂದು ವಾರ ದಿನಾ ಸೊಪ್ಪು ತಿಂದರೆ ಮಾತ್ರೆಯ ಬಲ ಕುಗ್ಗಿ ಐಎನ್‌ಆರ್ ಇಳಿಯುತ್ತದೆ. ತಟ್ಟನೆ ನಿಲ್ಲಿಸಿದರೆ ಅದೇ ಮಾತ್ರೆ ಜೋರಾಗಿ ಕೆಲಸ ಮಾಡಿ ಐಎನ್‌ಆರ್ ಮೇಲೇರುತ್ತದೆ. ತಪ್ಪು ಸೊಪ್ಪಿನದಲ್ಲ, ಏರುಪೇರಿನದು. ಎಷ್ಟು ತಿಂದರೂ ಪ್ರತಿ ವಾರ ಅಷ್ಟೇ ಇರಲಿ. ಆ ಊಟಕ್ಕೆ ತಕ್ಕಂತೆ ಮಾತ್ರೆಯನ್ನು ಡಾಕ್ಟರ್ ಹೊಂದಿಸುತ್ತಾರೆ.

ಎರಡು ಪ್ರಶ್ನೆಗೆ ಉತ್ತರ ಕೊಡಿ. ಒಂದು, ಮನೆಗೆ ಬಂದ ಮೇಲೆ ಮೊದಲ ವಾರ ಏನು ತಿಂದರು, ಆಮೇಲೆ ಏನು ತಿಂದರು? ಎರಡು, ಚೀಟಿಯಲ್ಲಿ ಇಲ್ಲದ ಮಾತ್ರೆ, ಕಷಾಯ, ಲೇಹ್ಯ ಏನಾದರೂ ಒಳಗೆ ಹೋಗಿದೆಯಾ? ಮನೆಯ ಎಲ್ಲರನ್ನೂ ಕೇಳಿ, ಅತ್ತೆಯನ್ನು ಮಾತ್ರ ಅಲ್ಲ.

ತಿಪಟೂರು ಕೊಬ್ಬರಿ
ಸಿಸ್ಟರ್, ನನಗೆ ಹೇಳಿದ್ದನ್ನು ನಾನು ಹೇಳಿದೆ. ದೊಡ್ಡಪ್ಪ ಆರು ವರ್ಷದಿಂದ ಸೊಪ್ಪು ಮುಟ್ಟಿಲ್ಲ, ಚೆನ್ನಾಗೇ ಇದ್ದಾರೆ.

ಶಿರಾ ಸಿಸ್ಟರ್
ಆರು ವರ್ಷ ಒಂದೇ ಸಮ ಮುಟ್ಟಿಲ್ಲ, ಅದಕ್ಕೇ ಚೆನ್ನಾಗಿದ್ದಾರೆ! ನಾನು ಹೇಳಿದ್ದೂ ಅದೇ ಅಲ್ವಾ? ಪಾಪ, ಬಸ್ಸಾರಿಲ್ಲದೆ ಆರು ವರ್ಷ.

ಮಧುಗಿರಿ ಮೇಷ್ಟ್ರು
ನಾನು ಹೊಟ್ಟೆಪಾಡಿಗೆ ಗಣಿತ ಹೇಳಿಕೊಡುತ್ತಿದ್ದವನು, ಈಗ ನಿವೃತ್ತ. 2004ರಲ್ಲಿ ನನಗೂ ಮೈಟ್ರಲ್ ವಾಲ್ವ್ ಬದಲಾಯಿಸಿದರು. ನನ್ನದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಅವರ ಕಾಲದಲ್ಲಿ ತಯಾರಾದದ್ದು. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದ್ದರು. ಹೊರದೇಶದ ವಾಲ್ವ್ ಬೆಲೆ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ, ಅದಕ್ಕೇ ಇಲ್ಲೇ ಮಾಡಿದರು. ಒಳಗೊಂದು ಪ್ಲಾಸ್ಟಿಕ್ ಬಿಲ್ಲೆ, ಪ್ರತಿ ಬಡಿತಕ್ಕೂ ವಾಲಿ ತೆರೆದು ಮುಚ್ಚುತ್ತದೆ. ನಿಮಿಷಕ್ಕೆ 70 ಸಲ ಅಂದರೆ ದಿನಕ್ಕೆ 1 ಲಕ್ಷ ಚಿಲ್ಲರೆ ಸಲ. ಮೇಷ್ಟ್ರ ಚಟ, ಲೆಕ್ಕ ಹಾಕದೆ ಇರಲು ಆಗಲ್ಲ.

ನಿಮ್ಮ ಅತ್ತೆಗೆ ಹೇಳಮ್ಮ, ಆ ಶಬ್ದ ನನಗೂ ಮೊದಲ ಎರಡು ತಿಂಗಳು ತಲೆ ಕೆಡಿಸಿತ್ತು. ಎಡಮಗ್ಗುಲಾದರೆ ಇನ್ನೂ ಜೋರು. ನನ್ನ ಹೆಂಡತಿ ಹಾಸಿಗೆ ಪಕ್ಕ ಒಂದು ಹಳೇ ಟೇಬಲ್ ಫ್ಯಾನ್ ಇಟ್ಟಳು. ಗಾಳಿಗಲ್ಲ, ಗರಗರ ಸದ್ದಿಗೆ. ಆ ಸದ್ದಿನಲ್ಲಿ ಈ ಸದ್ದು ಮುಳುಗಿತು. ಈಗ ಹೇಗಾಗಿದೆ ಅಂದರೆ, ಮಧ್ಯರಾತ್ರಿ ಎಚ್ಚರವಾದರೆ ಅದು ಕೇಳುವ ತನಕ ನನಗೆ ಸಮಾಧಾನ ಇಲ್ಲ.

ಐಎನ್‌ಆರ್‌ಗೆ ನನ್ನ ಉಪಾಯ ಗೋಡೆ ಕ್ಯಾಲೆಂಡರ್. ರಾತ್ರಿ 8ಕ್ಕೆ ಮಾತ್ರೆ ನುಂಗಿದ ಕೂಡಲೇ ಆ ದಿನದ ಚೌಕದಲ್ಲಿ ಗೀಟು. ಸೊಪ್ಪು ತಿಂದ ದಿನ ಒಂದು "ಸೊ". ಟೆಸ್ಟ್ ಆದ ದಿನ ಅಂಕಿ. ಡಾಕ್ಟರ್ ಹತ್ತಿರ ಹೋಗುವಾಗ ಕ್ಯಾಲೆಂಡರನ್ನೇ ಸುತ್ತಿಕೊಂಡು ಹೋಗುತ್ತೇನೆ. ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬಾರದು. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು.

ಕ್ಯಾತ್ಸಂದ್ರ ತಟ್ಟೆ
ಮೇಷ್ಟ್ರೇ ಪರೀಕ್ಷೆ ನಡೆಯುವಾಗ ಹಿಂದಿನ ಬೆಂಚಿಗೂ ನಿಮ್ಮ ಟಿಕ್ ಟಿಕ್ ಕೇಳ್ತಿತ್ತಾ?

ಮಧುಗಿರಿ ಮೇಷ್ಟ್ರು
ಕೇಳುತ್ತಿತ್ತು. "ಸಾರ್ ಬಂದ್ರು ಕಣೋ" ಅಂತ ಹುಡುಗರು ಚೀಟಿ ಬಚ್ಚಿಡುತ್ತಿದ್ದರು. ವಾಲ್ವ್‌ನಿಂದ ಶಾಲೆಗೂ ಉಪಯೋಗವಾಯಿತು.

ಕುಣಿಗಲ್ ಕುದುರೆ
ಇಂಗ್ಲಿಷ್ ಮಾತ್ರೆ ಒಂದೇ ನಂಬಿ ಕೂರಬೇಡಿ. ಹೊಳೆಮತ್ತಿ ಮರದ ಚಕ್ಕೆ (ತೊಗಟೆ) ಕಷಾಯ ಹೃದಯಕ್ಕೆ ಅಮೃತ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲಿನಲ್ಲಿ ಕುದಿಸಿ ಕೊಡಿ. ಜೊತೆಗೆ ದಿನಾ ನಾಲ್ಕು ಎಸಳು ಹಸಿ ಬೆಳ್ಳುಳ್ಳಿ. ನಮ್ಮ ತಾತ 91 ವರ್ಷ ಬದುಕಿದ್ದರು.

ಶಿರಾ ಸಿಸ್ಟರ್
ನಿಮ್ಮ ತಾತನಿಗೆ ಮೆಕ್ಯಾನಿಕಲ್ ವಾಲ್ವ್ ಇತ್ತಾ?

ಕುಣಿಗಲ್ ಕುದುರೆ
ಇಲ್ಲ. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಅದಕ್ಕೇ ಹೇಳಿದ್ದು.

ಶಿರಾ ಸಿಸ್ಟರ್
ಸರಿ ಹೋಯ್ತು. ಸ್ವಾಮಿ, ನಾಟಿ ಔಷಧಿ ಬಗ್ಗೆ ನನಗೆ ಜಗಳ ಇಲ್ಲ. ಆದರೆ ರಕ್ತ ತೆಳು ಮಾಡುವ ಮಾತ್ರೆ ನುಂಗುವವರ ಲೆಕ್ಕವೇ ಬೇರೆ. ಬೆಳ್ಳುಳ್ಳಿ ಸಾರಿನ ಒಗ್ಗರಣೆಯಲ್ಲಿ ಇದ್ದರೆ ಪರವಾಗಿಲ್ಲ. ಔಷಧಿ ಅಂತ ದಿನಾ ಹಸಿಯಾಗಿ ತಿಂದರೆ ರಕ್ತ ಸೋರುವ ಭಯ ಹೆಚ್ಚು. ಚಕ್ಕೆಯೂ ಅಷ್ಟೇ, ಡಾಕ್ಟರನ್ನು ಕೇಳದೆ ಬೇಡ. ಐಎನ್‌ಆರ್ 4.9 ಇರುವ ಮನೆಗೆ ಇದನ್ನು ಬರೆಯುತ್ತಿದ್ದೀರಿ, ಸ್ವಲ್ಪ ಯೋಚನೆ ಮಾಡಿ.

ಹೆಗ್ಗೆರೆ ಸೊಸೆ
ಸಿಸ್ಟರ್, ನೀವು ಕೇಳಿದ ಮೇಲೆ ಅತ್ತೆ ಪಕ್ಕದಲ್ಲಿ ಕೂತು ದಿನ ದಿನ ಲೆಕ್ಕ ಹಾಕಿದೆ. ನನಗೇ ನಗು ಬರುತ್ತಿದೆ, ಅಳುವೂ ಬರುತ್ತಿದೆ.

ಆಸ್ಪತ್ರೆಯಲ್ಲಿ ಅನ್ನ, ತಿಳಿಸಾರು, ಇಡ್ಲಿ. ಸೊಪ್ಪು ಕಣ್ಣಿಗೂ ಬಿದ್ದಿರಲಿಲ್ಲ. ಮನೆಗೆ ಬಂದ ಕೂಡಲೇ ಅತ್ತೆ ಕೇಳಿದ್ದೇ ಹಿಟ್ಟು, ಬಸ್ಸಾರು. ಪಾಪ ಅಂತ ಮೊದಲ ವಾರ ದಿನಾ ಮಾಡಿದೆ. ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಒಂದು ದಿನ ಮಸ್ಸೊಪ್ಪು. ಅದೇ 1.6 ಬಂದ ವಾರ! ಮಾತ್ರೆ ಜಾಸ್ತಿ ಮಾಡಿದರು. ಅದೇ ಹೊತ್ತಿಗೆ ಕೊರಟಗೆರೆಯಿಂದ ಚಿಕ್ಕತ್ತೆ ಬಂದರು. "ಅಯ್ಯೋ, ವಾಲ್ವ್ ಹಾಕ್ಸಿದೋರಿಗೆ ಸೊಪ್ಪಾ" ಅಂತ ಎದೆ ಬಡಿದುಕೊಂಡು ಎಲ್ಲ ನಿಲ್ಲಿಸಿದರು. ಕೊತ್ತಂಬರಿ ಸೊಪ್ಪನ್ನೂ ಸಾರಿನಿಂದ ಹೆಕ್ಕಿ ಹೆಕ್ಕಿ ತೆಗೆದರು. ಹತ್ತು ದಿನ ಗಂಜಿ, ಬೇಳೆಕಟ್ಟು. ಮಾತ್ರೆ ಮಾತ್ರ ಹೆಚ್ಚಿಸಿದ 3 ಮಿಲಿಗ್ರಾಂ ಹಾಗೇ ನಡೆಯುತ್ತಿತ್ತು. ಅಲ್ಲಿಗೆ 4.9.

ಶಿರಾ ಸಿಸ್ಟರ್
ಸಿಕ್ಕಿತು ನೋಡಿ ಕಳ್ಳ. ಈಗ ನೀವು ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಅವರಿಗೆ ಈ ಕಥೆ ಗೊತ್ತಿಲ್ಲದೆ ಅಂಕಿ ನೋಡಿ ಮಾತ್ರೆ ಹೆಚ್ಚು ಕಮ್ಮಿ ಮಾಡುತ್ತಾರೆ. ಸೊಪ್ಪಿನ ವೇಳಾಪಟ್ಟಿ ಮೊದಲು, ಮಾತ್ರೆ ಆಮೇಲೆ.

ಎರಡನೇ ಪ್ರಶ್ನೆಗೆ ಉತ್ತರ ಬಂದಿಲ್ಲ. ಬೇರೆ ಮಾತ್ರೆ?

ಹೆಗ್ಗೆರೆ ಸೊಸೆ
ಅತ್ತೆ ಇಲ್ಲ ಅಂದರು. ಮಾವ ಹೊರಗೆ ಹೋಗಿದ್ದಾರೆ, ಬಂದ ಮೇಲೆ ಕೇಳುತ್ತೇನೆ.

ಬಿ.ಎಚ್. ರೋಡ್ ಬಾಬು
ನಮ್ಮ ತಂದೆಗೆ ಆದಾಗ ಕಾಲಿನ ಗಾಯವೇ ದೊಡ್ಡ ಗೋಳು. ತೊಡೆಯಿಂದ ಪಾದದ ತನಕ ಹೊಲಿಗೆ, ಊತ ಬೇರೆ. ಎದೆಗಿಂತ ಕಾಲೇ ಕಾಡಿತು. ನಿಮ್ಮ ಅತ್ತೆಯ ಕಾಲನ್ನು ದಿಂಬಿನ ಮೇಲೆ ಇಡಿಸಿ, ಬಿಗಿ ಸಾಕ್ಸ್ ಹಾಕಿ.

ಗುಬ್ಬಿ ಗೀರು
ಅಣ್ಣಾ, ಅದು ಬೈಪಾಸ್. ಕಾಲಿನಿಂದ ರಕ್ತನಾಳ ತೆಗೆದು ಹೃದಯಕ್ಕೆ ಹಾಕುತ್ತಾರೆ, ಅದಕ್ಕೇ ಕಾಲಿಗೆ ಹೊಲಿಗೆ. ಇದು ವಾಲ್ವ್, ಸಾಮಾನ್ಯವಾಗಿ ಗಾಯ ಎದೆಯಲ್ಲಿ ಮಾತ್ರ. ಎದೆಮೂಳೆ ಕುಯ್ದು ಸ್ಟೀಲ್ ತಂತಿಯಿಂದ ಬಿಗಿಯುವುದು ಮಾತ್ರ ಎರಡರಲ್ಲೂ ಒಂದೇ.

ನನ್ನ ಕಥೆ ಹೇಳುತ್ತೇನೆ. ಮೂರು ವರ್ಷದ ಹಿಂದೆ, 29ನೇ ವಯಸ್ಸಿಗೆ ನನಗೆ ವಾಲ್ವ್ ಹಾಕಿದರು. "ಗೀರು" ಅನ್ನುವ ಹೆಸರು ಎದೆ ಮೇಲಿನ ಗೀರಿಗೆ ನಾನೇ ಇಟ್ಟುಕೊಂಡದ್ದು. ಆಸ್ಪತ್ರೆಯಲ್ಲಿ "ಭಾರ ಎತ್ತಬೇಡಿ" ಅಂದು ಕಳಿಸುತ್ತಾರೆ. ನಮ್ಮ ಮನೆಗಳಲ್ಲಿ ಭಾರ ಅಂದರೆ ಮೂಟೆ. ಬಿಂದಿಗೆಯನ್ನು ಯಾರೂ ಭಾರ ಅನ್ನಲ್ಲ! 15 ಲೀಟರ್ ಹಿಡಿಯುವ ಬಿಂದಿಗೆ ತುಂಬಿದರೆ 15 ಕೆಜಿ. ನನಗೆ ಮೊದಲ ಆರು ವಾರ 2 ಕೆಜಿ ಮೇಲೆ ಎತ್ತಬೇಡ ಅಂದಿದ್ದರು. ಮೂಳೆ ಪೂರ್ತಿ ಕೂಡಲು ಸುಮಾರು ಮೂರು ತಿಂಗಳು.

ಎಲ್ಲಕ್ಕಿಂತ ಮುಖ್ಯ, ಅವರ ಕೈಗೆ ಮುದ್ದೆ ಕೋಲು ಕೊಡಬೇಡಿ. ನಾನು ಐದನೇ ವಾರ "ಇಷ್ಟೇ ತಾನೇ" ಅಂತ ಹಿಟ್ಟು ತೊಳಸಲು ಕೂತೆ. ಎರಡು ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ತಿರುವಿದರೆ ಬೀಳುವ ಭಾರ ಎಲ್ಲ ಎದೆಗೇ. ಎದೆ ನಡುವೆ "ಕಟ್" ಅಂದಿತು. ಆ ರಾತ್ರಿ ಪೂರ್ತಿ ನಿದ್ದೆ ಇಲ್ಲ. ಮಾರನೇ ದಿನ ತೋರಿಸಿದರೆ ತಂತಿ ಬಿಟ್ಟಿರಲಿಲ್ಲ, ದೇವರು ದೊಡ್ಡವನು. ಡಾಕ್ಟರ್ ಬೈದರು. ನಮ್ಮತ್ತೆ ಅವತ್ತಿನಿಂದ ಕೋಲನ್ನೇ ಅಟ್ಟಕ್ಕೆ ಹಾಕಿದರು.

ಇನ್ನು ಕಕ್ಕಸು. ನೆಲದ ಕಕ್ಕಸಿನಲ್ಲಿ ಕೂತು ಏಳುವಾಗ ಗೋಡೆಗೆ, ನಲ್ಲಿಗೆ ಕೈ ಕೊಟ್ಟು ಮೈ ಎಳೆಯುತ್ತೇವೆ. ಅದು ಆಗಬಾರದು. ತೂತಿರುವ ಕಮೋಡ್ ಕುರ್ಚಿ ತಂದುಕೊಳ್ಳಿ, ಬಾಡಿಗೆಗೂ ಸಿಗುತ್ತದೆ. ಮಲಬದ್ಧತೆ ಆದರೆ ತಿಣುಕಬಾರದು, ಡಾಕ್ಟರನ್ನು ಕೇಳಿ ಔಷಧಿ ತಗೊಳ್ಳಿ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಹಾಸಿಗೆಯಿಂದ ಏಳುವಾಗ ಮೊದಲು ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಆಮೇಲೆ ಮೇಲೇಳಬೇಕು. ಯಾರೂ ರಟ್ಟೆ ಹಿಡಿದು ಎಳೆಯಬಾರದು. ಮುಂದೆ ಗುಂಡಿ ಇರುವ ನೈಟಿ ನಾಲ್ಕು ಹೊಲಿಸಿ. ತಲೆ ಮೇಲಿಂದ ಹಾಕುವ ಬಟ್ಟೆ ಬೇಡ.

ಅಳು ಬಗ್ಗೆ. ನಾನೂ ಅತ್ತಿದ್ದೇನೆ. ಕಾರಣವೇ ಇಲ್ಲದೆ, ಟಿವಿಯಲ್ಲಿ ಸೋಪಿನ ಜಾಹೀರಾತು ನೋಡಿ ಅತ್ತಿದ್ದೇನೆ. ಹೃದಯದ ದೊಡ್ಡ ಆಪರೇಶನ್ ಆದ ತುಂಬಾ ಜನರಿಗೆ ಕೆಲವು ವಾರ ಹೀಗೆ ಆಗುತ್ತದಂತೆ. "ಆಪರೇಶನ್ ಚೆನ್ನಾಗಾಯ್ತಲ್ಲ, ಯಾಕೆ ಅಳ್ತೀಯ" ಅಂತ ಮಾತ್ರ ಕೇಳಬೇಡಿ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೂವರೆ ತಿಂಗಳಾದರೂ ಹಾಗೇ ಇದ್ದರೆ, ಊಟ ನಿದ್ದೆ ಎರಡೂ ಬಿಟ್ಟರೆ ಡಾಕ್ಟರಿಗೆ ಹೇಳಿ.

ತಿಪಟೂರು ಕೊಬ್ಬರಿ
ಗುಬ್ಬಿಯವರೇ, ನಿಮ್ಮದೂ ಮೆಕ್ಯಾನಿಕಲ್ಲಾ? ಇಷ್ಟು ಚಿಕ್ಕ ವಯಸ್ಸಿಗೆ ಜೀವನಪೂರ್ತಿ ಮಾತ್ರೆ ಕಷ್ಟ ಅಲ್ವಾ?

ಗುಬ್ಬಿ ಗೀರು
ಇಲ್ಲ, ನನ್ನದು ಟಿಶ್ಯೂ ವಾಲ್ವ್, ಪ್ರಾಣಿಯ ಅಂಗಾಂಶದಿಂದ ಮಾಡಿದ್ದು. ಸಾಮಾನ್ಯವಾಗಿ ನನ್ನ ವಯಸ್ಸಿಗೆ ಮೆಕ್ಯಾನಿಕಲ್ ಹೇಳುತ್ತಾರೆ, ಯಾಕೆಂದರೆ ಟಿಶ್ಯೂ ವಾಲ್ವ್ ಚಿಕ್ಕ ವಯಸ್ಸಿನವರಲ್ಲಿ ಬೇಗ ಸವೆಯುತ್ತದೆ. ನನಗೆ ಮಗು ಬೇಕಿತ್ತು. ಮೆಕ್ಯಾನಿಕಲ್ ಹಾಕಿಸಿದರೆ ನುಂಗಬೇಕಾದ ರಕ್ತ ತೆಳು ಮಾಡುವ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಹತ್ತು ಹದಿನೈದು ವರ್ಷಕ್ಕೆ ಇನ್ನೊಂದು ಸಲ ಎದೆ ಕುಯ್ಯಿಸಿಕೊಳ್ಳಬೇಕಾಗಬಹುದು ಅಂತ ಗೊತ್ತಿದ್ದೇ ಒಪ್ಪಿಕೊಂಡೆ. ಈಗ ಮಗಳಿಗೆ ಎಂಟು ತಿಂಗಳು. ಅವರವರ ಲೆಕ್ಕ ಅವರವರಿಗೆ.

ಕ್ಯಾತ್ಸಂದ್ರ ತಟ್ಟೆ
ಮಗಳಿಗೆ ಒಂದು ಮುತ್ತು. ಇಂಥದ್ದನ್ನು ಓದಲೆಂದೇ ಇಲ್ಲಿಗೆ ಬರುತ್ತೇನೆ.

ನೆಂಟರ ವಿಷಯಕ್ಕೆ ನನ್ನ ಸಲಹೆ. ಅಮ್ಮನಿಗೆ ಆದಾಗ ಗೇಟಿಗೆ ಚೀಟಿ ಅಂಟಿಸಿದ್ದೆವು, "ರೋಗಿ ಮಲಗಿದ್ದಾರೆ, ಸಂಜೆ 5ರಿಂದ 6 ಮಾತ್ರ". ಅದನ್ನು ಓದಿಕೊಂಡೇ ಒಳಗೆ ಬಂದು "ಮಲಗವ್ರಾ?" ಅಂತ ಜೋರಾಗಿ ಕೇಳಿ ಎಬ್ಬಿಸಿದರು. ಬಾಳೆಹಣ್ಣು ಎಷ್ಟು ಬಂತು ಅಂದರೆ ಪಕ್ಕದ ಮನೆ ಹಸು ನಮ್ಮ ಗೇಟ್ ಮುಂದೇ ಠಿಕಾಣಿ ಹೂಡಿತು.

ಬಿ.ಎಚ್. ರೋಡ್ ಬಾಬು
ಚೀಟಿಗೆ ಯಾರೂ ಹೆದರಲ್ಲ. ಆಸ್ಪತ್ರೆಯವರು ಬೈತಾರೆ, ಸೋಂಕು ಆದರೆ ಹೊಸ ವಾಲ್ವ್‌ಗೇ ಹೋಗುತ್ತದಂತೆ ಅನ್ನಿ. ತಪ್ಪನ್ನು ಡಾಕ್ಟರ್ ಮೇಲೆ ಹಾಕಿ, ಸೊಸೆ ಮೇಲೆ ಬರಬಾರದು.

ಶಿರಾ ಸಿಸ್ಟರ್
ಅದು ಸುಳ್ಳೂ ಅಲ್ಲ. ನೆಗಡಿ, ಕೆಮ್ಮು, ಜ್ವರ ಇರುವವರನ್ನು ಒಳಗೆ ಬಿಡಲೇಬೇಡಿ. ಉಳಿದವರು ಕೈ ತೊಳೆದು ಕುರ್ಚಿಯಲ್ಲಿ ಕೂರಲಿ, ಹಾಸಿಗೆ ಮೇಲೆ ಬೇಡ. ಗಾಯ ತೋರಿಸು ಅಂತ ಸೆರಗು ಸರಿಸುವ ಹೆಂಗಸರಿದ್ದಾರೆ, ಅವರನ್ನು ನೀವೇ ತಡೆಯಬೇಕು.

ಇಷ್ಟು ಮಾತ್ರ ಗೋಡೆಗೆ ಬರೆದಿಡಿ. ಜ್ವರ 100.4 ದಾಟಿದರೆ, ಗಾಯದಿಂದ ಕೀವು ಅಥವಾ ನೀರು ಬಂದರೆ, ಎದೆಮೂಳೆ ಕಟಕಟ ಅಂದರೆ ಅವತ್ತೇ ಫೋನ್. ದಿನಾ ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ. ಒಂದೇ ದಿನಕ್ಕೆ 1 ಕೆಜಿ ಅಥವಾ ವಾರಕ್ಕೆ 2 ಕೆಜಿ ಏರಿದರೆ ಅದು ಮೈ ತುಂಬಿಕೊಂಡದ್ದಲ್ಲ, ನೀರು ನಿಂತದ್ದು. ಬಾಯಿ ಸೊಟ್ಟಗಾದರೆ, ಕೈ ಕಾಲು ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ, ಕಪ್ಪು ಮಲ ಹೋದರೆ, ತಲೆಗೆ ಪೆಟ್ಟು ಬಿದ್ದರೆ ಫೋನ್ ಮಾಡುತ್ತಾ ಕೂರಬೇಡಿ, 108 ಕರೆದು ಹೊರಡಿ. ಟಿಕ್ ಟಿಕ್ ಸದ್ದು ಇದ್ದಕ್ಕಿದ್ದಂತೆ ಮಂಕಾದರೂ, ನಿಂತರೂ ಅಷ್ಟೇ.

ಕುಣಿಗಲ್ ಕುದುರೆ
ಸಿಸ್ಟರ್ ನೀವು ಹೆದರಿಸ್ತಿದ್ದೀರಾ.

ಶಿರಾ ಸಿಸ್ಟರ್
ಹೌದು. ಇಲ್ಲಿ ಹೆದರಬೇಕು.

ಪಾವಗಡದ ಬಿಸಿಲು
ಅಡ್ಡ ಮಾತಿಗೆ ಕ್ಷಮಿಸಿ. ಖರ್ಚು ಹೇಗೆ ನಿಭಾಯಿಸಿದಿರಿ? ನಮ್ಮ ಅಣ್ಣನಿಗೂ ಇದೇ ಹೇಳಿದ್ದಾರೆ.

ಹೆಗ್ಗೆರೆ ಸೊಸೆ
ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಯಿತು, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದ ತನಕ. ರೆಫರಲ್ ಚೀಟಿಗೆ ನಾಲ್ಕು ಸಲ ಓಡಾಡಿದ್ದು ಬೇರೆ ಕಥೆ. ಆದರೆ ಮನೆಗೆ ಬಂದ ಮೇಲಿನ ಟೆಸ್ಟ್, ಮಾತ್ರೆ, ಓಡಾಟ ಎಲ್ಲ ಕೈಯಿಂದಲೇ.

ಮಧುಗಿರಿ ಮೇಷ್ಟ್ರು
ಪಾವಗಡದವರೇ, ಬೆಂಗಳೂರಿನ ಜಯದೇವ ಹೃದಯದ ಆಸ್ಪತ್ರೆ ಇದೆ, ಸರ್ಕಾರದ ಸ್ವಾಯತ್ತ ಸಂಸ್ಥೆ, ಅಲ್ಲಿ ವಿಚಾರಿಸಿ. ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯಲ್ಲಿ ಉಚಿತ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಯೋಜನೆಯನ್ನೂ ಕೇಳಿ.

ಬಿ.ಎಚ್. ರೋಡ್ ಬಾಬು
ಮತ್ತೆ ಚೆಕಪ್‌ಗೆ ಹೋಗುವಾಗ ಟ್ರೈನ್ ಬೇಡ, ಹತ್ತಿ ಇಳಿಯುವ ನೂಕುನುಗ್ಗಲಿಗೆ ಎದೆ ಗತಿ ಏನು. ಕಾರು ಮಾಡಿಕೊಳ್ಳಿ, ಹಿಂದಿನ ಸೀಟು, ಬೆಲ್ಟಿಗೂ ಎದೆಗೂ ನಡುವೆ ಒಂದು ಸಣ್ಣ ದಿಂಬು.

ಕ್ಯಾತ್ಸಂದ್ರ ತಟ್ಟೆ
ಟೋಲ್ ದಾಟುವ ಮುಂಚೆ ನಮ್ಮೂರಲ್ಲಿ ನಿಲ್ಲಿಸಿ, ತಟ್ಟೆ ಇಡ್ಲಿ ತಿಂದು ಹೋಗಿ. ಬೆಣ್ಣೆ ಕಮ್ಮಿ ಹಾಕಿಸಿ.

ಶಿರಾ ಸಿಸ್ಟರ್
ಚಟ್ನಿಯಲ್ಲಿ ಉಪ್ಪು ನೋಡಿ. ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸದ್ಯಕ್ಕೆ ಡಬ್ಬದಲ್ಲೇ ಇರಲಿ.

ಕ್ಯಾತ್ಸಂದ್ರ ತಟ್ಟೆ
ಸಿಸ್ಟರ್ ಇರುವ ಕಡೆ ಇಡ್ಲಿ ಮಾತೂ ಆಡುವಂತಿಲ್ಲ.

ಹೆಗ್ಗೆರೆ ಸೊಸೆ
ಸಿಸ್ಟರ್, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತು. ಮಾವ ಬಂದರು, ಕೇಳಿದೆ. ಮೊದಲು ಗೋಡೆ ನೋಡಿದರು. ಆಮೇಲೆ ಅಂಗಿ ಜೇಬಿನಿಂದ ಒಂದು ಅರ್ಧ ಸ್ಟ್ರಿಪ್ ತೆಗೆದರು. ಡೈಕ್ಲೋಫೆನಾಕ್. ಅತ್ತೆಗೆ ಭುಜ, ಬೆನ್ನು ನೋವು ಅಂತ ರಾತ್ರಿ ನರಳುತ್ತಿದ್ದರಂತೆ. ನನ್ನನ್ನು ಎಬ್ಬಿಸುವುದು ಬೇಡ ಅಂತ ಮೆಡಿಕಲ್‌ನಲ್ಲಿ ಕೇಳಿ ತಂದು ಐದು ದಿನದಿಂದ ಕೊಡುತ್ತಿದ್ದಾರೆ. ಅತ್ತೆಗೂ ಗೊತ್ತು, ಇಬ್ಬರೂ ಸೇರಿ ಮುಚ್ಚಿಟ್ಟಿದ್ದಾರೆ. "ಅವಳು ನೋಯ್ತದೆ ಅಂದ್ಲು, ನಾನೇನ್ ಮಾಡ್ಲಿ" ಅಂದರು. 33 ವರ್ಷದ ಸಂಸಾರದಲ್ಲಿ ಅತ್ತೆಗೆ ಒಂದು ಲೋಟ ನೀರು ತಂದುಕೊಟ್ಟದ್ದು ನಾನು ನೋಡಿರಲಿಲ್ಲ. ಬೈಯಲು ಬಾಯಿ ಬರಲಿಲ್ಲ.

ಶಿರಾ ಸಿಸ್ಟರ್
ಬೈಯಬೇಡಿ. ಆದರೆ ಆ ಸ್ಟ್ರಿಪ್ ಈಗಲೇ ತಿಪ್ಪೆಗೆ, ಮತ್ತೆ ಈ ರಾತ್ರಿಯೇ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ. ಐಎನ್‌ಆರ್ ಏರಲು ಮಾತ್ರೆ ಹೆಚ್ಚಿಸಿ ಸೊಪ್ಪು ನಿಲ್ಲಿಸಿದ್ದೇ ಸಾಕಿತ್ತು. ಅದರ ಮೇಲೆ ಈ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯೊಳಗೂ ರಕ್ತ ಸೋರಬಹುದು. ಒಸಡು ಮೊದಲೇ ಎಚ್ಚರಿಸಿದೆ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದೂ ಡಾಕ್ಟರ್ ಬರೆಯದೆ ಬೇಡ. ನೋವಿಗೆ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಬರೆಯುತ್ತಾರೆ, ಎಷ್ಟು ಅಂತ ಅವರನ್ನೇ ಕೇಳಿ. ಊರಿನ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಸೂಜಿ ಚುಚ್ಚಿಸಿಕೊಳ್ಳುವುದೂ ಬೇಡ, ಮಾಂಸದೊಳಗೆ ರಕ್ತ ಕಟ್ಟುತ್ತದೆ.

ಭುಜ ನೋವು ಈ ಆಪರೇಶನ್‌ನಲ್ಲಿ ಮಾಮೂಲಿ. ಎದೆ ಅಗಲಿಸಿ ಹಿಡಿದಿರುತ್ತಾರೆ ಅಲ್ವಾ, ಬೆನ್ನಿನ ಸ್ನಾಯು ಎಳೆದಿರುತ್ತದೆ.

ಮಧುಗಿರಿ ಮೇಷ್ಟ್ರು
ಇದರ ಜೊತೆಗೆ ಹಲ್ಲಿನ ಮಾತೂ ಇರಲಿ. 2011ರಲ್ಲಿ ದವಡೆ ಹಲ್ಲು ಕೀಳಿಸಲು ಹೋದೆ. ಬಾಯಿ ತೆರೆದು ಕೂತ ಮೇಲೆ ನನ್ನ ಎದೆ ಸದ್ದು ಕೇಳಿ ಆ ಹುಡುಗಿ ಡಾಕ್ಟರ್ ಉಪಕರಣ ಕೆಳಗಿಟ್ಟಳು. ಹಲ್ಲು ಕೀಳುವಾಗ ಬಾಯಿಯ ಕ್ರಿಮಿ ರಕ್ತಕ್ಕೆ ಸೇರಿ ವಾಲ್ವ್ ಮೇಲೆ ಕೂರಬಹುದು. ಮೊದಲೇ ಆಂಟಿಬಯಾಟಿಕ್ ನುಂಗಬೇಕು. ಐಎನ್‌ಆರ್ ಕೂಡ ನೋಡಿಸಿಯೇ ಹೋಗಬೇಕು. ಅವತ್ತು ವಾಪಸ್ ಕಳಿಸಿದಳು, ಬದುಕಿಸಿದಳು. ಅವತ್ತಿನಿಂದ ಜೇಬಿನಲ್ಲಿ ಕಾರ್ಡ್ ಇಟ್ಟುಕೊಳ್ಳುತ್ತೇನೆ, ವಾಲ್ವ್ ಇದೆ, ಇಂಥ ಮಾತ್ರೆ ನುಂಗುತ್ತೇನೆ ಅಂತ.

ಗುಬ್ಬಿ ಗೀರು
ಹೆಗ್ಗೆರೆ ಅಕ್ಕ, ನಿಮ್ಮ ಮಾವನಿಗೆ ಒಂದು ಕೆಲಸ ಕೊಡಿ. ಬೆಳಿಗ್ಗೆ ಸಂಜೆ ಅತ್ತೆಯನ್ನು ಹತ್ತು ನಿಮಿಷ ನಡೆಸುವುದು. ನಮ್ಮವರು ನನ್ನನ್ನು ಓಣಿ ಕೊನೆಯ ಬೇವಿನ ಮರದ ತನಕ ಕರೆದುಕೊಂಡು ಹೋಗುತ್ತಿದ್ದರು. ವಾರಕ್ಕೊಂದು ಕಂಬ ಜಾಸ್ತಿ. ಮಾತಾಡುತ್ತಾ ನಡೆಯಲು ಆಗಬೇಕು, ಉಸಿರು ಕಟ್ಟಿದರೆ ನಿಲ್ಲಬೇಕು.

ತಿಪಟೂರು ಕೊಬ್ಬರಿ
ಸಿಸ್ಟರ್, ದೊಡ್ಡಪ್ಪನಿಗೆ ಈ ಚರ್ಚೆ ಓದಿ ಹೇಳಿದೆ. ಈಗ ನುಗ್ಗೆ ಸೊಪ್ಪು ಬೇಕು ಅಂತ ಹಟ ಹಿಡಿದಿದ್ದಾರೆ. ಏನು ಮಾಡಲಿ?

ಶಿರಾ ಸಿಸ್ಟರ್
ಡಾಕ್ಟರಿಗೆ ಹೇಳಿ, ಸ್ವಲ್ಪದರಿಂದ ಶುರು ಮಾಡಿ, ಐಎನ್‌ಆರ್ ನೋಡಿಕೊಂಡು. ಒಂದೇ ದಿನ ಆರು ವರ್ಷದ ಬಾಕಿ ತೀರಿಸಬೇಡಿ.

ಹೆಗ್ಗೆರೆ ಸೊಸೆ
ಹನ್ನೊಂದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಆವತ್ತು ರಾತ್ರಿಯೇ ಫೋನ್ ಮಾಡಿದ್ದೆ. ಬಂದು ತೋರಿಸಿ ಅಂದರು, ಹೋದೆವು. ಹೊಟ್ಟೆಯಲ್ಲಿ ರಕ್ತ ಸೋರಿರಲಿಲ್ಲ. ಮೇಷ್ಟ್ರ ಹಾಗೆ ಕ್ಯಾಲೆಂಡರ್ ತೋರಿಸಿದೆ, ಡಾಕ್ಟರ್ ಎರಡು ನಿಮಿಷ ಅದನ್ನೇ ನೋಡಿದರು. ಸೋಮವಾರ, ಗುರುವಾರ ಸೊಪ್ಪು ಅಂತ ನಿಗದಿ ಆಗಿದೆ, ಒಂದು ಸಣ್ಣ ಬಟ್ಟಲು. ಮಾತ್ರೆ ಮತ್ತೆ 2 ಮಿಲಿಗ್ರಾಂ. ಮೊನ್ನೆ 2.4, ಇವತ್ತು 2.9. ಎರಡು ಸಲವೂ ಒಂದೇ ಲ್ಯಾಬ್‌ನಲ್ಲಿ ಕೊಟ್ಟೆವು.

ಚಿಕ್ಕತ್ತೆ ಮುನಿಸಿಕೊಂಡು ಕೊರಟಗೆರೆಗೆ ಹೋದರು. ಫೋನ್ ಮಾಡಿ ಸಮಾಧಾನ ಮಾಡಿದ್ದೇನೆ, ಗೌರಿ ಹಬ್ಬಕ್ಕೆ ಬರುತ್ತಾರೆ. ಮಾವ ದಿನಾ ಅತ್ತೆಯನ್ನು ನಡೆಸುತ್ತಾರೆ. ನಡೆಸುತ್ತಾರೆ ಅಂದರೆ, ಹತ್ತು ಹೆಜ್ಜೆ ಮುಂದೆ ಹೋಗಿ ನಿಂತು ಕಾಯುತ್ತಾರೆ. ಪಕ್ಕದಲ್ಲಿ ನಡೆಯಲು ನಾಚಿಕೆಯಂತೆ.

ಫ್ಯಾನ್ ಇಟ್ಟು ನೋಡಿದೆವು, ಅತ್ತೆಗೆ ಚಳಿಯಾಯಿತು. ಈಗ ಮಗಳು ಮಧ್ಯಾಹ್ನ ಅಜ್ಜಿಯ ಪಕ್ಕ ಕೂತು ಬೆನ್ನಿಗೆ ಕಿವಿ ಇಟ್ಟು ಎಣಿಸುತ್ತಾಳೆ. ಇಪ್ಪತ್ತರ ತನಕ ಬರುತ್ತದೆ, ಆಮೇಲೆ ಮತ್ತೆ ಒಂದರಿಂದ. ಅತ್ತೆ ಅಷ್ಟರಲ್ಲಿ ಕೂತಲ್ಲೇ ನಿದ್ದೆ ಹೋಗಿರುತ್ತಾರೆ.

ಮಧುಗಿರಿ ಮೇಷ್ಟ್ರು
ಮಗುವನ್ನು ನನ್ನ ಹತ್ತಿರ ಕಳಿಸಮ್ಮ. ಇಪ್ಪತ್ತೊಂದರಿಂದ ನಾನು ಹೇಳಿಕೊಡುತ್ತೇನೆ.

ಕುಣಿಗಲ್ ಕುದುರೆ
ಒಳ್ಳೇದಾಯ್ತು. ಕಷಾಯದ ಮಾತು ವಾಪಸ್ ತಗೊಂಡಿದ್ದೇನೆ. ಸದ್ಯಕ್ಕೆ.

ಪಾವಗಡದ ಬಿಸಿಲು
ಅಣ್ಣನಿಗೆ ಮುಂದಿನ ತಿಂಗಳು ದಿನ ಕೊಟ್ಟಿದ್ದಾರೆ. ಕಮೋಡ್ ಕುರ್ಚಿ ತುಮಕೂರಿನಲ್ಲಿ ಬಾಡಿಗೆಗೆ ಎಲ್ಲಿ ಸಿಗುತ್ತದೆ?

ಹೆಗ್ಗೆರೆ ಸೊಸೆ
ಬಾಡಿಗೆ ಬೇಡ. ನಮ್ಮದು ಇನ್ನೆರಡು ವಾರಕ್ಕೆ ಖಾಲಿ, ತಗೊಂಡು ಹೋಗಿ. ಅಟ್ಟದಲ್ಲಿ ಮುದ್ದೆ ಕೋಲಿನ ಪಕ್ಕ ಅದಕ್ಕೆ ಜಾಗ ಇಲ್ಲ.